ಒಂದೇ ಬಿಪಿ ಮಾತ್ರೆ, ಒಳಗೆ ಮೂರು ಔಷಧಿ: ಜೊತೆಗೆ ಬೇರೆ ಮಾತ್ರೆ ಸೇರಿದಾಗ ಏನಾಗುತ್ತದೆ?

"ಬಿಪಿಗೆ ದಿನಕ್ಕೆ ಒಂದೇ ಮಾತ್ರೆ" ಎನ್ನುವವರಲ್ಲಿ ಬಹಳ ಮಂದಿ ನಿಜಕ್ಕೂ ಎರಡೋ ಮೂರೋ ಔಷಧಿ ನುಂಗುತ್ತಿರುತ್ತಾರೆ. ಟೆಲ್ಮಿಸಾರ್ಟಾನ್ 40, ಅಮ್ಲೋಡಿಪಿನ್ 5, ಹೈಡ್ರೋಕ್ಲೋರೋಥಯಾಜೈಡ್ 12.5 ಮಿ.ಗ್ರಾಂ. ಮೂರೂ ಒಂದೇ ಮಾತ್ರೆಯಲ್ಲಿ. ವೈದ್ಯರು ಹೀಗೆ ಬರೆಯುವುದಕ್ಕೆ ಒಳ್ಳೆಯ ಕಾರಣವೇ ಇದೆ. ಒಂದೇ ಔಷಧಿಯ ಪ್ರಮಾಣವನ್ನು ಇಮ್ಮಡಿ ಮಾಡುವುದಕ್ಕಿಂತ, ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡುವ ಎರಡು ಔಷಧಿಗಳನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಒತ್ತಡ ಹೆಚ್ಚು ಇಳಿಯುತ್ತದೆ, ಅಡ್ಡಪರಿಣಾಮ ಕಡಿಮೆಯಾಗುತ್ತದೆ. ಮಾತ್ರೆ ಒಂದೇ ಆದ್ದರಿಂದ ಮರೆಯುವುದೂ ಕಡಿಮೆ.

ತೊಡಕು ಲೆಕ್ಕದಲ್ಲಿದೆ. ಹಲ್ಲಿನ ಡಾಕ್ಟರೋ ಮೂಳೆ ಡಾಕ್ಟರೋ "ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದರೆ "ಒಂದು ಬಿಪಿ ಮಾತ್ರೆ" ಎಂಬ ಉತ್ತರ ಬರುತ್ತದೆ. ದೇಹಕ್ಕೆ ಅದು ಒಂದಲ್ಲ, ಮೂರು. ಒಂದು ಲಿವರಿನಲ್ಲಿ ಕರಗುತ್ತದೆ, ಇನ್ನೊಂದು ಪಿತ್ತರಸದೊಂದಿಗೆ ಹೊರಹೋಗುತ್ತದೆ, ಮತ್ತೊಂದು ಮೂತ್ರದಲ್ಲಿ. ಪ್ರತಿಯೊಂದಕ್ಕೂ ಹೊಂದದ ಔಷಧಿಗಳ ಪಟ್ಟಿ ಬೇರೆ ಬೇರೆ. ಇನ್ನೊಂದು ಮಾತು: ವರ್ಷಗಟ್ಟಲೆ ಒಟ್ಟಿಗೆ ನಡೆದುಬಂದ ಮಾತ್ರೆಗಳು ಏಕಾಏಕಿ ಕೈಕೊಡುವುದು ಅಪರೂಪ. ತೊಂದರೆ ತರುವುದು ಹೆಚ್ಚಾಗಿ ಐದಾರು ದಿನಕ್ಕೆಂದು ನಡುವೆ ಬಂದು ಸೇರುವ ಮಾತ್ರೆ. ನೋವಿನದು, ಸೋಂಕಿನದು, ಶೀತದ್ದು.

ಮೊದಲು ಒಳಗೇನಿದೆ ನೋಡಿ

ಬ್ರ್ಯಾಂಡ್ ಹೆಸರನ್ನು ಬಿಟ್ಟು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾದ ಹೆಸರುಗಳನ್ನು ಓದಿ. 'ಸಾರ್ಟಾನ್' ಎಂದು ಮುಗಿಯುವವು (ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಓಲ್ಮೆಸಾರ್ಟಾನ್) ಆಂಜಿಯೋಟೆನ್ಸಿನ್ ಎಂಬ ಹಾರ್ಮೋನಿನ ಕೆಲಸವನ್ನು ತಡೆಯುತ್ತವೆ. 'ಪ್ರಿಲ್' ಎಂದು ಮುಗಿಯುವವು (ರಾಮಿಪ್ರಿಲ್, ಪೆರಿಂಡೋಪ್ರಿಲ್) ಆ ಹಾರ್ಮೋನು ತಯಾರಾಗುವುದನ್ನೇ ತಡೆಯುತ್ತವೆ. 'ಡಿಪಿನ್' ಎಂದರೆ ರಕ್ತನಾಳ ಸಡಿಲಿಸುವ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್. 'ಲಾಲ್' ಎಂದರೆ ಹೃದಯದ ಬಡಿತ ನಿಧಾನಿಸುವ ಬೀಟಾ ಬ್ಲಾಕರ್. ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ಥಾಲಿಡೋನ್, ಇಂಡಪಮೈಡ್ ಈ ಮೂರೂ ಮೂತ್ರವರ್ಧಕಗಳು.

ಬ್ರ್ಯಾಂಡ್ ಹೆಸರಿನ ಬಾಲದಲ್ಲಿ ಬರುವ 'ಎಎಂ', 'ಎಚ್' ತರಹದ ಅಕ್ಷರಗಳನ್ನೇ ನಂಬಿಕೊಂಡು ಕೂರಬೇಡಿ. ಒಂದು ಅಕ್ಷರ ತಪ್ಪಿದರೆ ಔಷಧಿಯೇ ಬೇರೆ. ಹಳೆಯ ಸ್ಟ್ರಿಪ್‌ನಲ್ಲಿ ಅಮ್ಲೋಡಿಪಿನ್ ಒಂದೇ ಇತ್ತು, ಹೊಸದರಲ್ಲಿ ಟೆಲ್ಮಿಸಾರ್ಟಾನ್ ಜೊತೆ ಅಮ್ಲೋಡಿಪಿನ್ ಇದೆ, ಹಳೆಯದನ್ನು ನಿಲ್ಲಿಸಲು ಯಾರೂ ಹೇಳಲಿಲ್ಲ ಎಂದರೆ ಅಮ್ಲೋಡಿಪಿನ್ ದಿನಕ್ಕೆ ಎರಡು ಬಾರಿ ಹೋಗುತ್ತಿರುತ್ತದೆ. ಕಾಲು ಊದಿಕೊಂಡಾಗಲೇ ಅದು ಬೆಳಕಿಗೆ ಬರುವುದು. ಸ್ಟ್ರಿಪ್ ಕತ್ತರಿಸುವಾಗ ಹೆಸರು, ಅವಧಿ ಮುಗಿಯುವ ದಿನಾಂಕ ಇರುವ ಭಾಗವನ್ನು ಕೊನೆಯವರೆಗೆ ಉಳಿಸಿಕೊಂಡರೆ ಇಂಥ ಗೊಂದಲ ಅರ್ಧ ತಪ್ಪುತ್ತದೆ.

ಸಾರ್ಟಾನ್ ಮತ್ತು ಪ್ರಿಲ್ ಎರಡೂ ಒಟ್ಟಿಗೆ ಕಂಡರೆ ಬರೆದುಕೊಟ್ಟವರನ್ನು ಕೇಳಲೇಬೇಕು. ಟೆಲ್ಮಿಸಾರ್ಟಾನ್ ಮತ್ತು ರಾಮಿಪ್ರಿಲ್ ಜೋಡಿಯನ್ನು ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಿದ ಆನ್‌ಟಾರ್ಗೆಟ್ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಜೋಡಿಯಿಂದ ಹೃದಯಕ್ಕೆ ಹೆಚ್ಚಿನ ಲಾಭ ಸಿಗಲಿಲ್ಲ. ಒತ್ತಡ ವಿಪರೀತ ಇಳಿಯುವುದು, ಕಿಡ್ನಿ ಕುಂದುವುದು, ಪೊಟ್ಯಾಶಿಯಂ ಏರುವುದು ಮಾತ್ರ ಹೆಚ್ಚಿದವು.

ನೋವಿನ ಮಾತ್ರೆ: ಎಲ್ಲಕ್ಕಿಂತ ಹೆಚ್ಚು ಎಡವುವ ಜಾಗ

ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಎಟೊರಿಕಾಕ್ಸಿಬ್. ಇವೆಲ್ಲ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಡೆದು ನೋವು, ಊತ ಇಳಿಸುತ್ತವೆ. ಅದೇ ಪ್ರೋಸ್ಟಗ್ಲಾಂಡಿನ್ ಕಿಡ್ನಿಗೂ ಬೇಕು.

ಕಿಡ್ನಿಯ ಪ್ರತಿಯೊಂದು ಸೋಸುಗುಚ್ಛಕ್ಕೂ ರಕ್ತ ಒಳಬರುವ ಒಂದು ನಾಳ, ಹೊರಹೋಗುವ ಒಂದು ನಾಳ ಇದೆ. ಎರಡು ನಲ್ಲಿಗಳ ನಡುವೆ ಒಂದು ಜರಡಿ ಇಟ್ಟ ಹಾಗೆ. ಒಳನಲ್ಲಿ ತೆರೆದಿದ್ದು ಹೊರನಲ್ಲಿ ತುಸು ಬಿಗಿಯಾಗಿದ್ದರೆ ಮಾತ್ರ ನಡುವೆ ಒತ್ತಡ ನಿಂತು ರಕ್ತ ಸೋಸಲ್ಪಡುತ್ತದೆ. ಮೂತ್ರವರ್ಧಕವು ದೇಹದ ನೀರನ್ನು ಕಡಿಮೆ ಮಾಡುವುದರಿಂದ ಬರುವ ರಕ್ತವೇ ಕಡಿಮೆ. ಮಾಮೂಲಿಯಾಗಿ ಇಂಥ ಹೊತ್ತಿನಲ್ಲಿ ಆಂಜಿಯೋಟೆನ್ಸಿನ್ ಹೊರನಲ್ಲಿಯನ್ನು ಬಿಗಿಮಾಡಿ ಒತ್ತಡ ಉಳಿಸುತ್ತದೆ. ಸಾರ್ಟಾನ್ ಅದನ್ನು ತಡೆದಿರುತ್ತದೆ. ಉಳಿದದ್ದು ಒಂದೇ ದಾರಿ: ಪ್ರೋಸ್ಟಗ್ಲಾಂಡಿನ್ ಒಳನಲ್ಲಿಯನ್ನು ಅಗಲವಾಗಿ ತೆರೆದಿಡುವುದು. ನೋವಿನ ಮಾತ್ರೆ ಅದನ್ನೂ ಮುಚ್ಚುತ್ತದೆ. ಜರಡಿಯ ಮೇಲಿನ ಒತ್ತಡ ಕುಸಿದು ಕಿಡ್ನಿ ಸೋಸುವುದನ್ನು ನಿಲ್ಲಿಸುತ್ತದೆ. ವೈದ್ಯರು ಇದನ್ನು ತ್ರಿವಳಿ ಪೆಟ್ಟು ಎನ್ನುತ್ತಾರೆ. ಮೂರರಲ್ಲಿ ಎರಡು ಪೆಟ್ಟುಗಳು ನಿಮ್ಮ ಒಂದೇ ಕಾಂಬಿನೇಷನ್ ಮಾತ್ರೆಯಲ್ಲಿ ಈಗಾಗಲೇ ಕುಳಿತಿವೆ ಎಂಬುದೇ ಇಲ್ಲಿ ಮುಖ್ಯ ವಿಷಯ. ಮೂರನೆಯದು ಮಂಡಿನೋವಿಗೆಂದು ಚೀಟಿಯಿಲ್ಲದೆಯೇ ಕೈಗೆ ಸಿಗುತ್ತದೆ.

ಅಪಾಯ ಹೆಚ್ಚಿರುವುದು ಮೂರೂ ಒಟ್ಟಾದ ಮೊದಲ ಒಂದು ತಿಂಗಳಲ್ಲಿ. "ಬಹಳ ದಿನ ತೆಗೆದುಕೊಂಡರೆ ಮಾತ್ರ ಕಿಡ್ನಿಗೆ ತೊಂದರೆ" ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ. ವಯಸ್ಸು 65 ದಾಟಿದವರು, ಸಕ್ಕರೆ ಕಾಯಿಲೆಯವರು, ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯ) ಮೊದಲೇ ಹೆಚ್ಚಿದ್ದವರು, ವಾಂತಿಭೇದಿಯಿಂದ ಬಳಲುತ್ತಿರುವವರು ಇನ್ನೂ ಬೇಗ ಸಿಕ್ಕಿಬೀಳುತ್ತಾರೆ. ಮೂತ್ರ ಕಡಿಮೆಯಾಗುವುದು, ಪಾದ ಊದುವುದು, ವಾಕರಿಕೆ, ವಿಪರೀತ ಸುಸ್ತು ಇದರ ಲಕ್ಷಣಗಳು. ಆದರೆ ಏನೂ ಕಾಣಿಸದೆ ರಕ್ತ ಪರೀಕ್ಷೆಯಲ್ಲಷ್ಟೇ ಗೊತ್ತಾಗುವುದೂ ಸಾಮಾನ್ಯ.

ಇದು ಕಿಡ್ನಿಯ ಮಾತಾಯಿತು. ಇದೇ ಮಾತ್ರೆಗಳು ಉಪ್ಪು, ನೀರನ್ನು ದೇಹದಲ್ಲಿ ಹಿಡಿದಿಡುವುದರಿಂದ ಬಿಪಿಯನ್ನೂ ಏರಿಸುತ್ತವೆ. ಸಾರ್ಟಾನ್, ಪ್ರಿಲ್, ಮೂತ್ರವರ್ಧಕ, ಬೀಟಾ ಬ್ಲಾಕರ್‌ಗಳ ಪರಿಣಾಮ ಮಂಕಾಗುತ್ತದೆ. ಅಮ್ಲೋಡಿಪಿನ್ ಮಾತ್ರ ಅಷ್ಟಾಗಿ ಜಗ್ಗುವುದಿಲ್ಲ. ನೋವಿನ ಮಾತ್ರೆ ನಡೆಯುತ್ತಿರುವಾಗ ಬಿಪಿ ಏರಿದೆ ಎಂದು ಬಿಪಿ ಮಾತ್ರೆಯ ಪ್ರಮಾಣ ಹೆಚ್ಚಿಸುವುದು, ಆಮೇಲೆ ನೋವಿನ ಮಾತ್ರೆ ನಿಂತಾಗ ತಲೆಸುತ್ತಿ ಬೀಳುವುದು: ಈ ಕಥೆ ಮತ್ತೆ ಮತ್ತೆ ನಡೆಯುತ್ತಲೇ ಇರುತ್ತದೆ.

ಹಾಗಾದರೆ ನೋವಿಗೆ ಏನು? ಮೊದಲ ಆಯ್ಕೆ ಪ್ಯಾರಾಸಿಟಮಾಲ್. ಅದಕ್ಕೂ ಎರಡು ಎಚ್ಚರಿಕೆ ಇವೆ. ಎಡಿನ್‌ಬರೋದಲ್ಲಿ ಬಿಪಿ ಇರುವ 110 ಮಂದಿಗೆ ದಿನಕ್ಕೆ 4 ಗ್ರಾಂನಂತೆ ಎರಡು ವಾರ ಪ್ಯಾರಾಸಿಟಮಾಲ್ ಕೊಟ್ಟು ನೋಡಿದಾಗ ಮೇಲಿನ ಒತ್ತಡ ಸುಮಾರು 5 ಅಂಕ ಏರಿತ್ತು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಜ್ವರಕ್ಕೋ ತಲೆನೋವಿಗೋ ಒಂದೆರಡು ದಿನ ತೆಗೆದುಕೊಳ್ಳುವವರಿಗೆ ಇದು ಚಿಂತೆಯ ವಿಷಯವಲ್ಲ, ದಿನಾ ಪೂರ್ತಿ ಪ್ರಮಾಣ ನುಂಗುವವರು ಬಿಪಿ ನೋಡಿಕೊಳ್ಳಬೇಕು. ಎರಡನೆಯದು ನೀರಿನಲ್ಲಿ ಬುಸುಗುಟ್ಟಿ ಕರಗುವ ಮಾತ್ರೆ. ಅದರ ನೊರೆ ಬರುವುದೇ ಸೋಡಿಯಂ ಬೈಕಾರ್ಬೊನೇಟ್‌ನಿಂದ. 500 ಮಿ.ಗ್ರಾಂನ ಒಂದು ಮಾತ್ರೆಯಲ್ಲೇ ಸುಮಾರು 400 ಮಿ.ಗ್ರಾಂ ಸೋಡಿಯಂ ಇರಬಹುದು. ದಿನಕ್ಕೆ ಎಂಟು ನುಂಗಿದರೆ 3 ಗ್ರಾಂ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಇಡೀ ದಿನದ ಊಟ ಸೇರಿ 2 ಗ್ರಾಂ. ಮಂಡಿ, ಬೆರಳಿನಂಥ ಒಂದೇ ಕೀಲಿನ ನೋವಾದರೆ ಡೈಕ್ಲೋಫೆನಾಕ್ ಜೆಲ್ ಹಚ್ಚಬಹುದು. ರಕ್ತಕ್ಕೆ ಸೇರುವುದು ಮಾತ್ರೆಯಲ್ಲಿ ಸೇರುವುದರ ನೂರರಲ್ಲಿ ಆರು ಪಾಲಿನಷ್ಟು ಮಾತ್ರ. ಹೃದಯಕ್ಕೆಂದು ಕೊಟ್ಟಿರುವ 75 ಮಿ.ಗ್ರಾಂ ಆಸ್ಪಿರಿನ್ ಇದೇ ನೋವಿನ ಮಾತ್ರೆಗಳ ಗುಂಪಿನದೆಂದು ಕೇಳಿ ಹೆದರಿ ನಿಲ್ಲಿಸುವಂಥದ್ದಲ್ಲ.

ಪೊಟ್ಯಾಶಿಯಂ ಸದ್ದಿಲ್ಲದೆ ಏರುವುದು

ಸಾರ್ಟಾನ್, ಪ್ರಿಲ್‌ಗಳು ಆಲ್ಡೊಸ್ಟೆರೋನ್ ಹಾರ್ಮೋನನ್ನು ತಗ್ಗಿಸುತ್ತವೆ. ಪೊಟ್ಯಾಶಿಯಮ್ಮನ್ನು ಮೂತ್ರಕ್ಕೆ ದೂಡುವುದು ಆ ಹಾರ್ಮೋನಿನ ಕೆಲಸ. ಹಾಗಾಗಿ ಪೊಟ್ಯಾಶಿಯಂ ಸ್ವಲ್ಪ ಉಳಿದುಕೊಳ್ಳುತ್ತದೆ. ರಕ್ತದಲ್ಲಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಸಹಜ, 5.5 ದಾಟಿದರೆ ಔಷಧಿಗಳನ್ನು ಮರುಪರಿಶೀಲಿಸಬೇಕು. 6 ದಾಟಿದರೆ ಹೃದಯದ ಬಡಿತವೇ ಹದಗೆಡುವ ಭಯ. ಲಕ್ಷಣಗಳನ್ನು ಕಾಯುತ್ತಾ ಕೂರುವ ಹಾಗಿಲ್ಲ, ಏಕೆಂದರೆ ಸ್ನಾಯು ಸೋಲುವುದು, ಬಡಿತ ತಪ್ಪುವುದು ಕಾಣಿಸುವ ಹೊತ್ತಿಗೆ ತಡವಾಗಿರುತ್ತದೆ.

ಇದಕ್ಕೆ ಸ್ಪೈರೊನೊಲ್ಯಾಕ್ಟೋನ್ (ಪೊಟ್ಯಾಶಿಯಂ ಉಳಿಸುವ ಮೂತ್ರವರ್ಧಕ) ಸೇರಿದಾಗ ಏನಾಗಬಹುದು ಎಂಬುದಕ್ಕೆ ಕೆನಡಾದ ಒಂಟಾರಿಯೊ ಪ್ರಾಂತ್ಯವೇ ಸಾಕ್ಷಿ. ಹೃದಯ ವೈಫಲ್ಯಕ್ಕೆ ಸ್ಪೈರೊನೊಲ್ಯಾಕ್ಟೋನ್ ಜೀವ ಉಳಿಸುತ್ತದೆ ಎಂದು 1999ರಲ್ಲಿ ರೇಲ್ಸ್ ಅಧ್ಯಯನ ತೋರಿಸಿತು. ಅದರಲ್ಲಿ ಕಿಡ್ನಿ ಕುಂದಿದವರನ್ನು ದೂರವಿಟ್ಟು, ಉಳಿದವರ ರಕ್ತವನ್ನು ಪದೇ ಪದೇ ಪರೀಕ್ಷಿಸಿದ್ದರು. ಹೊರಗೆ ಅಷ್ಟು ಕಾಳಜಿಯಿಲ್ಲದೆ ಬಳಕೆ ಏರಿತು. ಪ್ರಿಲ್ ಔಷಧಿಯಲ್ಲಿದ್ದ ವಯಸ್ಸಾದ ಹೃದಯ ರೋಗಿಗಳಲ್ಲಿ ಪೊಟ್ಯಾಶಿಯಂ ಏರಿ ಆಸ್ಪತ್ರೆ ಸೇರಿದವರು 1994ರಲ್ಲಿ ಸಾವಿರಕ್ಕೆ 2.4 ಇದ್ದದ್ದು 2001ರಲ್ಲಿ 11ಕ್ಕೆ ಮುಟ್ಟಿತು. ಔಷಧಿ ಒಳ್ಳೆಯದೇ, ಪರೀಕ್ಷೆಯಿಲ್ಲದ ಜೋಡಿ ಕೆಟ್ಟದ್ದು.

ಇನ್ನೂ ಮೋಸಗೊಳಿಸುವುದು ಮೂತ್ರದ ಸೋಂಕಿಗೆ ಕೊಡುವ ಟ್ರೈಮೆಥೋಪ್ರಿಮ್, ಅಂದರೆ ಕೋ-ಟ್ರೈಮಾಕ್ಸಝೋಲ್ ಮಾತ್ರೆಯ ಒಂದು ಭಾಗ. ಆಂಟಿಬಯಾಟಿಕ್ ಪೊಟ್ಯಾಶಿಯಂ ಏರಿಸುತ್ತದೆ ಎಂದು ಯಾರ ಊಹೆಗೂ ಬರುವುದಿಲ್ಲ. ಆದರೆ ಕಿಡ್ನಿಯ ಮಟ್ಟಿಗೆ ಅದು ಅಮಿಲೊರೈಡ್ ಎಂಬ ಪೊಟ್ಯಾಶಿಯಂ ಉಳಿಸುವ ಮೂತ್ರವರ್ಧಕದಂತೆಯೇ ವರ್ತಿಸುತ್ತದೆ. ಸಾರ್ಟಾನ್ ಅಥವಾ ಪ್ರಿಲ್‌ನಲ್ಲಿದ್ದ 66 ಮತ್ತು ಅದಕ್ಕೂ ಮೇಲಿನ ವಯಸ್ಸಿನವರಲ್ಲಿ, ಅಮಾಕ್ಸಿಸಿಲಿನ್ ಪಡೆದವರಿಗಿಂತ ಕೋ-ಟ್ರೈಮಾಕ್ಸಝೋಲ್ ಪಡೆದವರು ಪೊಟ್ಯಾಶಿಯಂ ಏರಿ ಆಸ್ಪತ್ರೆ ಸೇರುವ ಸಂಭವ ಸುಮಾರು ಏಳು ಪಟ್ಟು ಎಂದು 2010ರ ಅಧ್ಯಯನ ಕಂಡಿತು. ಬೇರೆ ಆಂಟಿಬಯಾಟಿಕ್ ಆಗುತ್ತದೆಯೇ ಎಂದು ಕೇಳಿ. ಇದೇ ಬೇಕೆಂದಾದರೆ ನಾಲ್ಕೈದು ದಿನದೊಳಗೆ ಒಮ್ಮೆ ಪೊಟ್ಯಾಶಿಯಂ ನೋಡಿಸಿ.

ಸೋಡಿಯಂ ಕಡಿಮೆಯಿರುವ ಉಪ್ಪಿನ ಪೊಟ್ಟಣವನ್ನೂ ಓದಿ. ಸೋಡಿಯಂ ಜಾಗಕ್ಕೆ ಅಲ್ಲಿ ಬಂದಿರುವುದು ಪೊಟ್ಯಾಶಿಯಂ ಕ್ಲೋರೈಡ್. ಅದರ ತೂಕದ ಅರ್ಧಕ್ಕಿಂತ ತುಸು ಹೆಚ್ಚು ಪೊಟ್ಯಾಶಿಯಮ್ಮೇ. ಕಿಡ್ನಿ ಚೆನ್ನಾಗಿದ್ದವರಿಗೆ ಈ ಉಪ್ಪು ಬಿಪಿ ಇಳಿಸುತ್ತದೆ. ಸಾರ್ಟಾನ್ ಜೊತೆಗೆ ಸ್ಪೈರೊನೊಲ್ಯಾಕ್ಟೋನ್ ಇರುವವರಿಗೆ, ಕ್ರಿಯಾಟಿನಿನ್ ಏರಿದವರಿಗೆ ಇದು ಬೇಡ. ಮಾತ್ರೆಯಲ್ಲಿರುವ ಥಯಾಜೈಡ್ ಮೂತ್ರವರ್ಧಕ ಪೊಟ್ಯಾಶಿಯಂ ಕಳೆಯುತ್ತದೆ, ಸಾರ್ಟಾನ್ ಉಳಿಸುತ್ತದೆ, ಎರಡಕ್ಕೂ ಸರಿಹೋಗುತ್ತದಲ್ಲ ಎಂದು ಕೇಳುವವರಿದ್ದಾರೆ. ಒಂದು ಮಟ್ಟಿಗೆ ಹೌದು. ಕಿಡ್ನಿ ಕುಂದಿದ ದಿನ ಆ ತೂಕ ತಪ್ಪುತ್ತದೆ.

ಲಿವರಿನ ದಾರಿ

ಅಮ್ಲೋಡಿಪಿನ್, ಸಿಲ್ನಿಡಿಪಿನ್, ನಿಫೆಡಿಪಿನ್ ಇವುಗಳನ್ನು ಕರಗಿಸುವುದು ಲಿವರಿನ ಸಿವೈಪಿ 3ಎ4 ಎಂಬ ಕಿಣ್ವ. ಕ್ಲಾರಿಥ್ರೋಮೈಸಿನ್, ಎರಿಥ್ರೋಮೈಸಿನ್, ಇಟ್ರಾಕೊನಜೋಲ್, ಕೋವಿಡ್‌ಗೆ ಕೊಡುವ ಮಾತ್ರೆಯಲ್ಲಿರುವ ರಿಟೊನಾವಿರ್ ಆ ಕಿಣ್ವವನ್ನು ತಡೆಯುತ್ತವೆ. ನುಂಗಿದ್ದು ಅದೇ 5 ಮಿ.ಗ್ರಾಂ ಆದರೂ ರಕ್ತದಲ್ಲಿ ಹೆಚ್ಚು ನಿಲ್ಲುತ್ತದೆ: ಕಾಲೂತ, ಮುಖ ಬಿಸಿಯಾಗುವುದು, ಎದ್ದು ನಿಂತರೆ ಕಣ್ಣು ಕತ್ತಲೆ. ಕ್ಲಾರಿಥ್ರೋಮೈಸಿನ್ ಕುಟುಂಬದ್ದೇ ಆದ ಅಜಿಥ್ರೋಮೈಸಿನ್ ಈ ಕಿಣ್ವಕ್ಕೆ ಅಷ್ಟಾಗಿ ಕೈಹಚ್ಚುವುದಿಲ್ಲ, ಆದ್ದರಿಂದ ಹೃದಯದ ಬಡಿತದ ತೊಂದರೆ ಇಲ್ಲದವರಿಗೆ ಅದು ಹೊಂದುತ್ತದೆ. ದ್ರಾಕ್ಷಿಹಣ್ಣಿನ ಕುಲಕ್ಕೆ ಸೇರದ, ಕಿತ್ತಳೆ ಜಾತಿಯ ಗ್ರೇಪ್‌ಫ್ರೂಟ್ ರಸ ಕರುಳಿನಲ್ಲಿರುವ ಇದೇ ಕಿಣ್ವವನ್ನು ಕೆಡಿಸುತ್ತದೆ. ಫೆಲೊಡಿಪಿನ್ ಮೇಲೆ ಅದರ ಪರಿಣಾಮ ಜೋರು, ಅಮ್ಲೋಡಿಪಿನ್ ಮೇಲೆ ಅಲ್ಪ.

ಅಮ್ಲೋಡಿಪಿನ್ ತಾನೂ ಒಬ್ಬರಿಗೆ ಅಡ್ಡಿ: ಕೊಲೆಸ್ಟರಾಲ್ ಇಳಿಸುವ ಸಿಮ್ವಾಸ್ಟಾಟಿನ್‌ಗೆ. ಜೊತೆಯಲ್ಲಿದ್ದರೆ ಸಿಮ್ವಾಸ್ಟಾಟಿನ್ ದಿನಕ್ಕೆ 20 ಮಿ.ಗ್ರಾಂ ಮೀರಬಾರದು ಎಂದು ಅಮೆರಿಕದ ಔಷಧ ನಿಯಂತ್ರಕರು 2011ರಲ್ಲಿ ಮಿತಿ ಹಾಕಿದರು. ಬಡಿತವನ್ನೂ ನಿಧಾನಿಸುವ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್‌ಗಳಾದ ಡಿಲ್ಟಿಯಾಜೆಮ್, ವೆರಾಪಮಿಲ್ ಜೊತೆಗಾದರೆ 10 ಮಿ.ಗ್ರಾಂ. ಮೀರಿದರೆ ಸ್ನಾಯುಗಳು ನೋಯುತ್ತವೆ, ತೀವ್ರವಾದರೆ ಸ್ನಾಯು ಕರಗಿ ಮೂತ್ರ ಕಡುಕಂದಾಗುತ್ತದೆ. ರೊಸುವಾಸ್ಟಾಟಿನ್ ಈ ದಾರಿಯಲ್ಲೇ ಹೋಗುವುದಿಲ್ಲ. ಟೆಲ್ಮಿಸಾರ್ಟಾನ್ ಕೂಡ ಸಿವೈಪಿ ಕಿಣ್ವಗಳ ಗೊಡವೆಗೆ ಹೋಗುವುದಿಲ್ಲ, ಆದರೆ ಹೃದಯಕ್ಕೆ ಕೊಡುವ ಡಿಗಾಕ್ಸಿನ್‌ನ ಮಟ್ಟ ಏರಿಸುತ್ತದೆ. ಲೊಸಾರ್ಟಾನ್ ಇದಕ್ಕೆ ತದ್ವಿರುದ್ಧ: ಲಿವರಿನಲ್ಲಿ ರೂಪ ಬದಲಿಸಿದ ಮೇಲೆಯೇ ಅದಕ್ಕೆ ಪೂರ್ತಿ ಬಲ. ಶಿಲೀಂಧ್ರ ಸೋಂಕಿಗೆ ಕೊಡುವ ಫ್ಲುಕೊನಜೋಲ್ ಆ ಬದಲಾವಣೆಯನ್ನು ತಡೆಯುತ್ತದೆ.

ಬೀಟಾ ಬ್ಲಾಕರ್ ಇರುವ ಮಾತ್ರೆಯಾದರೆ

ಮೆಟೊಪ್ರೊಲಾಲ್ ಕರಗುವುದು ಬೇರೊಂದು ಕಿಣ್ವದಿಂದ. ಖಿನ್ನತೆಗೆ ಕೊಡುವ ಪ್ಯಾರೊಕ್ಸೆಟಿನ್, ಫ್ಲುಯೊಕ್ಸೆಟಿನ್, ಬುಪ್ರೊಪಿಯಾನ್ ಅದನ್ನು ತಡೆದು ಮೆಟೊಪ್ರೊಲಾಲ್ ಮಟ್ಟವನ್ನು ಹಲವು ಪಟ್ಟು ಏರಿಸಬಲ್ಲವು. ನಾಡಿ 50ಕ್ಕಿಂತ ಕೆಳಗಿಳಿದು ತಲೆಸುತ್ತು ಬಂದರೆ ವೈದ್ಯರಿಗೆ ಹೇಳಬೇಕು. ಕಿಡ್ನಿಯ ಮೂಲಕ ಹೊರಹೋಗುವ ಅಟೆನೊಲಾಲ್‌ಗೆ ಈ ಸಮಸ್ಯೆಯಿಲ್ಲ. ವೆರಾಪಮಿಲ್ ಅಥವಾ ಡಿಲ್ಟಿಯಾಜೆಮ್ ಜೊತೆ ಯಾವ ಬೀಟಾ ಬ್ಲಾಕರ್ ಸೇರಿದರೂ ಹೃದಯದೊಳಗಿನ ವಿದ್ಯುತ್ ಸಂದೇಶವೇ ನಿಧಾನವಾಗಿ ಬಡಿತ ತೀರಾ ಇಳಿಯಬಹುದು. ಗ್ಲಾಕೋಮಾಗೆ ಹಾಕುವ ಟಿಮೊಲಾಲ್ ಕಣ್ಣಿನ ಹನಿಯೂ ರಕ್ತಕ್ಕೆ ಸೇರುವ ಬೀಟಾ ಬ್ಲಾಕರೇ, ಅದನ್ನು ಔಷಧಿಯೆಂದು ಲೆಕ್ಕಕ್ಕೆ ಹಿಡಿಯುವವರೇ ಇಲ್ಲ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆಯಲ್ಲಿರುವವರಿಗೆ ಸಕ್ಕರೆ ಇಳಿದಾಗ ಎದೆ ಹೊಡೆದುಕೊಳ್ಳುವುದು, ಕೈನಡುಕ ಎಚ್ಚರಿಕೆ ಕೊಡುತ್ತವೆ. ಬೀಟಾ ಬ್ಲಾಕರ್ ಅವೆರಡನ್ನೂ ಮರೆಮಾಚುತ್ತದೆ. ಬೆವರುವುದು ಮಾತ್ರ ಉಳಿಯುತ್ತದೆ. ಕಾರಣವಿಲ್ಲದೆ ಬೆವರಿದರೆ ಸಕ್ಕರೆ ನೋಡಿಕೊಳ್ಳಿ.

ಮೂತ್ರವರ್ಧಕದ ಕಡೆಯಿಂದ

ಥಯಾಜೈಡ್ ಮೂತ್ರದಲ್ಲಿ ಸೋಡಿಯಂ ಕಳೆಯುತ್ತದೆ. ಖಿನ್ನತೆಗೆ ಕೊಡುವ ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್, ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್ ಬೇರೊಂದು ರೀತಿಯಲ್ಲಿ ಸೋಡಿಯಂ ಇಳಿಸುತ್ತವೆ. ಎರಡೂ ಸೇರಿದ ಮೊದಲ ಕೆಲವು ವಾರಗಳಲ್ಲಿ ವಯಸ್ಸಾದವರು ಮಂಕಾದರೆ, ಮಾತು ತಡವರಿಸಿದರೆ, ಪದೇ ಪದೇ ಬಿದ್ದರೆ ಅದನ್ನು ವಯಸ್ಸಿನ ಮೇಲೆ ಹಾಕದೆ ಸೋಡಿಯಂ ಪರೀಕ್ಷೆ ಮಾಡಿಸಬೇಕು.

ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ವಿಷಯದಲ್ಲಿ ರಾಜಿಯೇ ಇಲ್ಲ. ಕಿಡ್ನಿ ಲಿಥಿಯಮ್ಮನ್ನು ಸೋಡಿಯಮ್ಮಿನಂತೆಯೇ ಕಾಣುತ್ತದೆ. ಥಯಾಜೈಡ್‌ನಿಂದ ಸೋಡಿಯಂ ಕಳೆದುಕೊಂಡ ಕಿಡ್ನಿ ಸಿಕ್ಕಿದ್ದನ್ನೆಲ್ಲ ವಾಪಸ್ ಎಳೆದುಕೊಳ್ಳುವಾಗ ಲಿಥಿಯಮ್ಮೂ ಒಳಬರುತ್ತದೆ. ಸಾರ್ಟಾನ್, ಪ್ರಿಲ್, ನೋವಿನ ಮಾತ್ರೆಗಳೂ ಅದನ್ನು ಏರಿಸುತ್ತವೆ. ಚಿಕಿತ್ಸೆಗೆ ಬೇಕಾದ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ಬಹಳ ಕಡಿಮೆ. ಕೈನಡುಕ ಜೋರಾಗುವುದು, ನಡಿಗೆ ತೂರಾಡುವುದು, ವಾಂತಿ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಥಯಾಜೈಡ್ ಯೂರಿಕ್ ಆಮ್ಲವನ್ನೂ ಏರಿಸುತ್ತದೆ. ಇಲ್ಲಿಂದ ಒಂದು ಸರಪಳಿ ಶುರುವಾಗಬಹುದು. ಕಾಲಿನ ಹೆಬ್ಬೆರಳಿಗೆ ಗೌಟ್ ಎಂಬ ಕೀಲೂತ ಬರುತ್ತದೆ, ಗೌಟಿಗೆ ಡೈಕ್ಲೋಫೆನಾಕ್ ಬರುತ್ತದೆ, ಅದರಿಂದ ತ್ರಿವಳಿ ಪೆಟ್ಟು. ಮೂಲದಲ್ಲಿ ಮೂತ್ರವರ್ಧಕ ಬದಲಿಸಿದ್ದರೆ ಮುಂದಿನ ಯಾವುದೂ ಬೇಕಿರಲಿಲ್ಲ. ಅಮ್ಲೋಡಿಪಿನ್‌ನಿಂದ ಬಂದ ಕಾಲೂತಕ್ಕೆ ಫ್ಯುರೊಸಮೈಡ್ ಎಂಬ ಮೂತ್ರವರ್ಧಕ ಸೇರಿಸುವುದೂ ಇಂಥದ್ದೇ ಸರಪಳಿ. ಆ ಊತ ದೇಹದಲ್ಲಿ ನೀರು ಹೆಚ್ಚಾಗಿ ಬಂದದ್ದಲ್ಲ, ಸಡಿಲಾದ ಸಣ್ಣ ರಕ್ತನಾಳಗಳಿಂದ ಸೋರಿದ್ದು; ಮೂತ್ರವರ್ಧಕಕ್ಕೆ ಅದು ಬಗ್ಗುವುದಿಲ್ಲ.

ಶೀತದ ಮಾತ್ರೆಗಳಲ್ಲಿರುವ ಫೀನೈಲೆಫ್ರಿನ್, ಸೂಡೊಎಫೆಡ್ರಿನ್ ರಕ್ತನಾಳ ಬಿಗಿಮಾಡುತ್ತವೆ. ಬಿಪಿ ಹತೋಟಿಯಲ್ಲಿ ಇಲ್ಲದವರು ಬಿಡುವುದೇ ಒಳ್ಳೆಯದು, ಮೂಗಿಗೆ ಉಪ್ಪುನೀರಿನ ಹನಿ ಸಾಕು. ಜ್ಯೇಷ್ಠಮಧು ಹೆಚ್ಚಾಗಿ ಸೇವಿಸಿದರೆ ಬಿಪಿ ಏರುತ್ತದೆ, ಪೊಟ್ಯಾಶಿಯಂ ಇಳಿಯುತ್ತದೆ. ಥಯಾಜೈಡ್ ಜೊತೆ ಅದು ಇನ್ನಷ್ಟು ಇಳಿಯುತ್ತದೆ. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್, ಲೈಂಗಿಕ ಸಮಸ್ಯೆಗೆ ಕೊಡುವ ಸಿಲ್ಡೆನಾಫಿಲ್ ಬಿಪಿ ಮಾತ್ರೆಯ ಜೊತೆ ಸೇರಿದರೆ ನಿಂತಾಗ ಒತ್ತಡ ಕುಸಿಯಬಹುದು. ಕುಳಿತು ಒಮ್ಮೆ, ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ಅಳೆಯಿರಿ. ಮೇಲಿನ ಅಂಕ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತಿಳಿಸಿ.

ವಾಂತಿಭೇದಿ, ಪರೀಕ್ಷೆ, ಕೋರ್ಸ್ ಮುಗಿದ ಮೇಲೆ

ನೀರೂ ನಿಲ್ಲದಂತೆ ವಾಂತಿಭೇದಿಯಾಗುತ್ತಿರುವ ದಿನ ಸಾರ್ಟಾನ್, ಪ್ರಿಲ್, ಮೂತ್ರವರ್ಧಕ ಮತ್ತು ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್ ಇವನ್ನು ತಾತ್ಕಾಲಿಕವಾಗಿ ತಡೆಹಿಡಿಯಲು ವೈದ್ಯರು ಹೇಳುವುದುಂಟು. ಊಟ, ನೀರು ಸರಿಯಾಗಿ ಹಿಡಿಸಿ 24ರಿಂದ 48 ಗಂಟೆಯಾದ ಮೇಲೆ ಮತ್ತೆ ಶುರು. ಇಲ್ಲಿ ಕಾಂಬಿನೇಷನ್ ಮಾತ್ರೆಯ ತೊಡಕು ಎದ್ದು ಕಾಣುತ್ತದೆ: ಒಳಗಿನ ಒಂದನ್ನೇ ನಿಲ್ಲಿಸುವಂತಿಲ್ಲ. ಅದರಲ್ಲಿ ಬೀಟಾ ಬ್ಲಾಕರ್ ಇದ್ದರೆ ಏಕಾಏಕಿ ನಿಲ್ಲಿಸುವುದೇ ಅಪಾಯ, ಬಡಿತವೂ ಒತ್ತಡವೂ ಪುಟಿದೇಳುತ್ತವೆ. ಹಾಗಾಗಿ ಇಂಥ ದಿನ ಏನು ಮಾಡಬೇಕೆಂದು ಆರೋಗ್ಯ ಚೆನ್ನಾಗಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ವೈದ್ಯರಿಗೂ ಬ್ರ್ಯಾಂಡ್ ಹೆಸರಲ್ಲ, ಒಳಗಿನ ಹೆಸರುಗಳನ್ನೇ ಹೇಳಬೇಕು.

ಸಾರ್ಟಾನ್, ಪ್ರಿಲ್, ಮೂತ್ರವರ್ಧಕ ಶುರುವಾದಾಗ ಅಥವಾ ಪ್ರಮಾಣ ಬದಲಾದಾಗ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಶಿಯಂ ನೋಡಿಸುವುದು ರೂಢಿ. ಸಾರ್ಟಾನ್ ಅಥವಾ ಪ್ರಿಲ್ ಶುರುವಾದ ಮೇಲೆ ಕ್ರಿಯಾಟಿನಿನ್ ಮೊದಲಿಗಿಂತ ಶೇ 30ರವರೆಗೆ ಏರಿ ಅಲ್ಲೇ ನಿಂತರೆ ಸಾಮಾನ್ಯವಾಗಿ ಔಷಧಿ ಮುಂದುವರಿಸುತ್ತಾರೆ. ಅದಕ್ಕೂ ಮೇಲೇರಿದರೆ ಮೊದಲು ಹುಡುಕಬೇಕಾದದ್ದು ಹೊಸದಾಗಿ ಸೇರಿದ ಮಾತ್ರೆಯನ್ನು. ತುಟಿ, ನಾಲಿಗೆ, ಗಂಟಲು ಊದಿದರೆ ಪರೀಕ್ಷೆಗೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಪ್ರಿಲ್ ಔಷಧಿ ಜೊತೆ ಹೃದಯ ವೈಫಲ್ಯಕ್ಕೆ ಕೊಡುವ ಸ್ಯಾಕ್ಯುಬಿಟ್ರಿಲ್ ಸೇರಿದರೆ ಈ ಅಪಾಯ ಹೆಚ್ಚು, ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ನಡುವೆ 36 ಗಂಟೆ ಬಿಡುತ್ತಾರೆ.

ಔಷಧಿ ನಿಲ್ಲುವುದೂ ಸೇರುವಷ್ಟೇ ದೊಡ್ಡ ಬದಲಾವಣೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಲಿವರಿನ ಕಿಣ್ವಗಳನ್ನು ಹೆಚ್ಚಿಸಿ ಅಮ್ಲೋಡಿಪಿನ್, ಲೊಸಾರ್ಟಾನ್‌ಗಳನ್ನು ಬೇಗ ಕರಗಿಸಿಬಿಡುತ್ತದೆ. ಒಂದೆರಡು ವಾರದಲ್ಲಿ ಬಿಪಿ ಏರುತ್ತದೆ, ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ. ಆರು ತಿಂಗಳ ಕೋರ್ಸ್ ಮುಗಿದ ಮೇಲೆ ಕಿಣ್ವಗಳು ಸುಮಾರು ಎರಡು ವಾರದಲ್ಲಿ ಮೊದಲಿನ ಮಟ್ಟಕ್ಕೆ ಇಳಿಯುತ್ತವೆ, ಏರಿಸಿದ ಪ್ರಮಾಣ ಮಾತ್ರ ಹಾಗೆಯೇ ಉಳಿದಿರುತ್ತದೆ. ಕ್ಲಾರಿಥ್ರೋಮೈಸಿನ್‌ನಲ್ಲಿ ಇದರ ತಲೆಕೆಳಗು: ಕೋರ್ಸ್ ನಡೆಯುವಾಗ ಅಮ್ಲೋಡಿಪಿನ್ ಕಡಿಮೆ ಮಾಡಿದ್ದರೆ, ಮುಗಿದ ಮೇಲೆ ಹಿಂದಿನ ಪ್ರಮಾಣಕ್ಕೆ ಮರಳಬೇಕು. ರಕ್ತದಲ್ಲಿ ಅಮ್ಲೋಡಿಪಿನ್ ಅರ್ಧಕ್ಕೆ ಇಳಿಯಲೇ 30ರಿಂದ 50 ಗಂಟೆ ಹಿಡಿಯುವುದರಿಂದ ಬದಲಾವಣೆ ಬಿಪಿಯಲ್ಲಿ ಮರುದಿನವೇ ಕಾಣುವುದಿಲ್ಲ, ವಾರದ ಮೇಲೆ ಕಾಣುತ್ತದೆ. ಯಾವುದೇ ಕೋರ್ಸ್ ಮುಗಿದ ನಂತರ ಎರಡು ವಾರ ಬೆಳಿಗ್ಗೆ ಮಾತ್ರೆಗೆ ಮುನ್ನ ಮತ್ತು ಸಂಜೆ ಬಿಪಿ ಬರೆದಿಟ್ಟು, ಆ ಹಾಳೆಯನ್ನು ಸ್ಟ್ರಿಪ್ ಜೊತೆಗೇ ವೈದ್ಯರಿಗೆ ತೋರಿಸಿ.